ಮಂಜು ಬಾರದ ವರ್ಷದ ಹುಲ್ಲುಹಾಸು

ಆ ವರ್ಷ ಡಿಸೆಂಬರ್ ಅರ್ಧ ಕಳೆದರೂ ಏರ್ಕಾಡಿಗೆ ಮಂಜು ಬರಲಿಲ್ಲ. ಬೆಳಗ್ಗೆ ಏಳಕ್ಕೇ ಬಿಸಿಲು ಚುರ್ ಅನ್ನುತ್ತಿತ್ತು. ಕಾಫಿ ತೋಟದವರಿಗೆ ಖುಷಿಯೋ ಖುಷಿ, ಕಣದಲ್ಲಿ ಹರವಿದ ಹಣ್ಣು ನಾಲ್ಕು ದಿನ ಮೊದಲೇ ಒಣಗುತ್ತಿತ್ತು. ಅಳುವಂತಾಗಿದ್ದು ವಸತಿಗೃಹ ಇಟ್ಟುಕೊಂಡವರಿಗೆ. ಸೇಲಂನ ಬೆವರಿನಿಂದ ತಪ್ಪಿಸಿಕೊಂಡು ಇಪ್ಪತ್ತು ತಿರುವು ಹತ್ತಿ ಬರುವವರು ಬರುವುದೇ ಮಂಜು ನೋಡಲಿಕ್ಕೆ.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಆರು ಕೋಣೆಯ ವಸತಿಗೃಹ ಕಟ್ಟಿಕೊಂಡಿದ್ದ ರಘುಪತಿಯವರು ದಿನಾ ಬೆಳಗ್ಗೆ ಆರಕ್ಕೆ ಮಫ್ಲರ್ ಸುತ್ತಿಕೊಂಡು ಕಣಿವೆಯ ಕಡೆಯ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದರು. ಕೆಳಗೆ ಸೇಲಂನ ದೀಪಗಳು ಒಂದೊಂದೂ ಎಣಿಸುವಷ್ಟು ಚೊಕ್ಕಟವಾಗಿ ಕಾಣುತ್ತಿದ್ದವು. ಅದನ್ನು ನೋಡಿ ಅವರ ಮುಖ ಇಳಿಯುತ್ತಿತ್ತು. ಅಷ್ಟು ಹೊತ್ತಿಗೆ, ಮಂಜು ಇದೆಯೇ ಎಂದು ತಮಿಳಿನಲ್ಲಿ ಕೇಳುವ ಫೋನು ಬರುತ್ತಿತ್ತು.

"ಸಾರ್, ಪನಿ ಇರುಕ್ಕಾ?"

"ಇಲ್ಲೀಂಗೊ. ಇನ್ನಿಕ್ಕಿಲ್ಲೆ," ಎನ್ನುತ್ತಿದ್ದರು ರಘುಪತಿ. ಆ ಕಡೆಯವರು ಸರಿ, ಆಮೇಲೆ ಹೇಳುತ್ತೇವೆ ಎಂದು ಇಡುತ್ತಿದ್ದರು.

"ಅಪ್ಪಾ, ಹೋದ ವರ್ಷದ ಫೋಟೋ ಇದೆಯಲ್ಲ, ಅದನ್ನೇ ಕಳಿಸಿದ್ರೆ ಏನಾಗುತ್ತೆ? ಎಲ್ಲಾರೂ ಅದನ್ನೇ ಮಾಡೋದು," ಎಂದಳು ಬುಕಿಂಗ್ ನೋಡಿಕೊಳ್ಳುವ ಮಗಳು ಅಪರ್ಣಾ.

"ಬಂದು ನೋಡಿ ಮುಖಕ್ಕೆ ಉಗೀತಾರೆ. ಅದು ನನ್ನ ಕೈಲಾಗಲ್ಲ."

ಈ ಮಾತನ್ನೆಲ್ಲ ಅಂಗಳದ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತ ಕೇಳುತ್ತಿದ್ದವಳು ಸೊಣ್ಣಮ್ಮ. ಬೆಟ್ಟದ ಕೆಳಗೆ, ನಲ್ಲಂಪಳ್ಳಿಯ ಆಚೆಯ ಕುರಿ ಸಾಕುವ ಕನ್ನಡದ ಮನೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಬೆಟ್ಟ ಹತ್ತಿ ಬಂದವಳಿಗೆ ಇಲ್ಲಿ ಹನ್ನೊಂದು ವರ್ಷ ತುಂಬಿತ್ತು. ತಮಿಳಿನ ಊರಲ್ಲಿ ಕನ್ನಡ ಮಾತಾಡುವ ಮನೆ ಸಿಕ್ಕಿತು ಎಂದು ಅವಳಿಗೂ, ಮನೆಮಾತು ಬಲ್ಲ ಆಳು ಸಿಕ್ಕಿದಳು ಎಂದು ರಘುಪತಿಯವರ ಹೆಂಡತಿ ಶಾಂತಾ ಅವರಿಗೂ ಮೊದಲ ದಿನವೇ ಹಿತವಾಗಿತ್ತು. ಕೆಲಸಕ್ಕೆ ಸೇರುವಾಗ ಸೊಣ್ಣಮ್ಮ ಸಂಬಳದ ಮಾತು ಎತ್ತಿರಲಿಲ್ಲ. ಒಂದೇ ಒಂದು ಕೇಳಿದ್ದಳು.

"ಕಳೆಗೆ ಮದ್ದು ಒಡೀಬಾರ್ದು ಅಯ್ಯಾ. ನಾನು ಕೈಯಾಗೆ ಕಿತ್ತಾಕ್ತೀನಿ. ಮದ್ದು ತಂದ್ರೆ ನಂಗೆ ಬ್ಯಾಡ."

ಯಾಕೆ ಎಂದು ಕೇಳಿದ್ದಕ್ಕೆ ಹೇಳಿದಳು. ಅವಳ ಅಣ್ಣ ಮುನಿಕೃಷ್ಣಪ್ಪನ ಕುರಿಗಳು ಯಾರೋ ಮದ್ದು ಹೊಡೆದಿದ್ದ ಬದುವಿನಲ್ಲಿ ಮೇಯ್ದು, ಸಂಜೆಯೊಳಗೆ ಒಂಬತ್ತು ಸತ್ತಿದ್ದವು. ಬಾಯಲ್ಲಿ ನೊರೆ ತುಂಬಿಕೊಂಡು ಒದ್ದಾಡುತ್ತಿದ್ದ ಒಂದು ಮರಿ ಅವಳ ಮಡಿಲಲ್ಲೇ ಕಣ್ಣು ಮುಚ್ಚಿತ್ತು. ರಘುಪತಿಯವರಿಗೆ ಆ ಮಾತು ನಾಟಿತು. ಗೇಟಿನ ಪಕ್ಕ ಒಂದು ಬೋರ್ಡು ಹಾಕಿಸಿದರು: "ಈ ಹುಲ್ಲಿಗೆ ವಿಷ ಹಾಕುವುದಿಲ್ಲ. ಚಪ್ಪಲಿ ಬಿಟ್ಟು ನಡೆಯಿರಿ." ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದರು. ಬಂದವರು ಬೆಳಗಿನ ಇಬ್ಬನಿಯಲ್ಲಿ ಬರಿಗಾಲಲ್ಲಿ ನಡೆದು, ಮಕ್ಕಳನ್ನು ಉರುಳಾಡಿಸಿ, ಹೊಗಳಿ ಹೋಗುತ್ತಿದ್ದರು. ಕೊಯ್ದ ಹುಲ್ಲನ್ನು ಪಕ್ಕದಲ್ಲಿ ತೋಟದಾಳುಗಳ ಲೈನ್ ಮನೆಯಲ್ಲಿದ್ದ ಮಾರಕ್ಕ ತನ್ನ ಹಸುವಿಗೆ ಒಯ್ಯುತ್ತಿದ್ದಳು.

ಸೊಣ್ಣಮ್ಮನ ಕೆಲಸಕ್ಕೆ ಒಂದು ಕ್ರಮವಿತ್ತು. ಹುಲ್ಲನ್ನು ಬುಡಕ್ಕೆ ಕೊಯ್ಯದೆ ಎರಡು ಬೆರಳಿನಷ್ಟು ಎತ್ತರ ಬಿಡುತ್ತಿದ್ದಳು, ನೆರಳಿಗೆ ಕಳೆ ಏಳದ ಹಾಗೆ. ಕಲ್ಲುಹಾಸಿನ ಸಂದಿಯಲ್ಲಿ ಹುಟ್ಟಿದ್ದಕ್ಕೆ ಅಡುಗೆಮನೆಯಿಂದ ಕುದಿನೀರು ತಂದು ಸುರಿಯುತ್ತಿದ್ದಳು. ಉಳಿದದ್ದಕ್ಕೆ ಕಳೆ ಅಗೆಯುವ ಕುರ್ಚಿಗೆ, ಬೆರಳು, ತಾಳ್ಮೆ.

ಆದರೆ ಆ ವರ್ಷ ಮಳೆ ನಿಲ್ಲಬೇಕಾದಾಗ ಸುರಿದು, ಮಂಜು ಬೀಳಬೇಕಾದಾಗ ಬಿಸಿಲು ಹೊಡೆದು, ಹುಲ್ಲಿನೊಳಗೆ ಜೇಕಿನ ಕಳೆ ಎದ್ದಿತು. ಜೇಕಿನ ಎಲೆ ಕೀಳುವುದು ದೊಡ್ಡದಲ್ಲ. ಅಡಿಯಲ್ಲಿ ಗಡ್ಡೆ, ಆ ಗಡ್ಡೆಯಿಂದ ದಾರದಂಥ ಬೇರು, ಬೇರಿನ ತುದಿಗೆ ಇನ್ನೊಂದು ಗಡ್ಡೆ. ಒಂದು ಒಳಗುಳಿದರೂ ವಾರದಲ್ಲಿ ನಾಲ್ಕಾಗಿ ಬರುತ್ತದೆ. ಸೊಣ್ಣಮ್ಮ ಬೆಳಗಿನಿಂದ ಬೈಗಿನವರೆಗೂ ಅಗೆದಳು. ಸಂಜೆ ಬುಟ್ಟಿ ತುಂಬುತ್ತಿತ್ತು, ಬೆಳಗ್ಗೆ ಎದ್ದರೆ ಖಾಲಿ ಮಾಡಿದ ಜಾಗದಲ್ಲಿ ಮತ್ತೆ ಹಸಿರು ಸೂಜಿಗಳು. ಅಪರ್ಣಾ ಫೋನಿನಲ್ಲಿ ನೋಡಿ ವಿನೆಗರ್ ಚಿಮುಕಿಸಲು ಹೇಳಿದಳು. ಚಿಮುಕಿಸಿದರು. ಮೂರು ದಿನಕ್ಕೆ ಒಳ್ಳೆಯ ಹುಲ್ಲು ಕಂದಿತು, ಜೇಕು ತುದಿ ಮಾತ್ರ ಸುಟ್ಟುಕೊಂಡು ಮತ್ತೆ ಚಿಗುರಿತು. ಗೋಣಿ ಮುಚ್ಚಿ ಕಲ್ಲು ಇಟ್ಟು ನೋಡಿದಳು. ಜೇಕು ಗೋಣಿಯನ್ನೇ ಚುಚ್ಚಿಕೊಂಡು ಮೇಲೆ ಬಂದಿತು.

ಹೀಗಿರುವಾಗ ಹರೂರಿನಿಂದ ಒಂದು ಮದುವೆ ಪಾರ್ಟಿ ಗೊತ್ತಾಯಿತು. ಪೊಂಗಲ್ ಕಳೆದ ಮೇಲೆ ಎರಡು ದಿನ, ಆರು ಕೋಣೆಯೂ ಅವರಿಗೇ. ಮದುವೆಗೆ ಮುಂಚೆ ಹುಡುಗ ಹುಡುಗಿಯ ಫೋಟೋ, ವಿಡಿಯೋ ತೆಗೆಯುವುದಂತೆ. ಆ ಋತುವಿನಲ್ಲಿ ಬಂದ ದೊಡ್ಡ ಬುಕಿಂಗ್ ಅದೊಂದೇ. ಜಾಗ ನೋಡಲು ರಾಜಾ ಎಂಬ ಫೋಟೋಗ್ರಾಫರ್ ಬಂದ. ಹುಲ್ಲಿನ ಮೇಲೆ ಮಂಡಿಯೂರಿ ಕ್ಯಾಮೆರಾ ಹಿಡಿದು ನೋಡಿ, ಜೇಕು ಕಂಡು ಮುಖ ಸಿಂಡರಿಸಿದ.

"ಹಿಂದೆ ಮಂಜು ಬೇಕು, ಕೆಳಗೆ ಒಂದೇ ಸಮ ಹಸಿರು ಬೇಕು. ಇದೇನ್ ಸಾರ್, ಕೋರೆ ಪುಲ್ಲು ಕೂದಲು ಕೆದರಿದಂಗೆ ನಿಂತೈತೆ? ಸ್ಕ್ರೀನಲ್ಲಿ ಎದ್ದು ಕಾಣುತ್ತೆ."

"ತೆಗೆಸ್ತೀವಿ," ಎಂದರು ರಘುಪತಿ.

"ಮಂಜು?"

ರಘುಪತಿಯವರು ಕಣಿವೆಯ ಕಡೆ ನೋಡಿದರು. "ಅದು ನಮ್ಮ ಕೈಲಿಲ್ಲವಲ್ಲಪ್ಪ. ಜನವರಿಯಲ್ಲಿ ಬಂದರೂ ಬರಬಹುದು."

ರಾಜಾ ಹೋದ ಮೇಲೆ ಅವರು ಬಂದು ಸೊಣ್ಣಮ್ಮನ ಹತ್ತಿರ ಕಲ್ಲಿನ ಮೇಲೆ ಕುಳಿತರು. ಅವಳ ಕೈ ಗಡ್ಡೆ ಅಗೆಯುವುದನ್ನು ನೋಡುತ್ತ ಕೇಳಿದರು.

"ಇನ್ನು ಎಷ್ಟು ದಿನ ಹಿಡಿಯುತ್ತೆ?"

"ಎಂಗೆ ಯೋಳ್ಲಿ ಅಯ್ಯಾ. ಕಿತ್ತಷ್ಟೂ ಬತ್ತಾ ಐತೆ."

"ಒಂದೇ ಒಂದು ಸಲ..." ಎಂದು ಅವರು ಮಾತು ಅಲ್ಲಿಗೇ ಬಿಟ್ಟರು. ಅದು ಮದ್ದಿನ ಮಾತೆಂದು ಸೊಣ್ಣಮ್ಮನಿಗೆ ತಿಳಿಯಿತು. ಅವಳು ತಲೆ ಎತ್ತಲಿಲ್ಲ. "ಇನ್ನ ಇಬ್ರು ಎಣ್ಣಾಳು ಕೊಡಿ, ಕೀಳ್ತೀನಿ," ಎಂದಳು. ತೋಟಗಳಲ್ಲಿ ಹಣ್ಣು ಬಿಡಿಸುವ ಕಾಲ. ಇಡೀ ಬೆಟ್ಟ ಹುಡುಕಿದರೂ ಒಬ್ಬ ಹೆಣ್ಣಾಳೂ ಸಿಕ್ಕಲಿಲ್ಲ.

ಜನವರಿ ಮೊದಲ ವಾರ ಮುನಿಕೃಷ್ಣಪ್ಪ ಕಾಲು ಉಳುಕಿಸಿಕೊಂಡು ಮಲಗಿದ್ದಾನೆಂದು ಫೋನು ಬಂತು. ಸೊಣ್ಣಮ್ಮ ಎರಡು ದಿನ ರಜೆ ಕೇಳಿದಳು. ರಘುಪತಿಯವರು "ಹೋಗಿ ಬಾ, ಹೋಗಿ ಬಾ" ಎಂದು ಎರಡು ಸಲ ಹೇಳಿದರು. ಬಸ್ಸಿಗೆ ಹೊತ್ತಾಗಿತ್ತು. ಅವರ ಆ ಆತುರವನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸೇಲಂನಲ್ಲಿ ಬಸ್ಸು ಬದಲಿಸಿ, ತೊಪ್ಪೂರು ಘಾಟಿ ದಾಟಿ ಊರಿಗೆ ಬಂದಾಗ ಮಧ್ಯಾಹ್ನ. ಅಣ್ಣ ಜಗುಲಿಯ ಮೇಲೆ ಕಾಲು ನೀಡಿಕೊಂಡಿದ್ದ. ಅವನ ಬೆನ್ನ ಹಿಂದೆ ಗೋಡೆಗೆ ಒಂದು ಸ್ಪ್ರೇಯರ್ ಒರಗಿಸಿತ್ತು. ನೀಲಿ ಪ್ಲಾಸ್ಟಿಕ್ ಟ್ಯಾಂಕಿನದು.

"ಇದು ಯಾರ್ದಣ್ಣಾ?"

"ನಮ್ದೇಯ."

"ಯಾತಕ್ಕೆ?"

"ಇನ್ಯಾತಕ್ಕೆ, ಕಳೆಗೆ." ಮುನಿಕೃಷ್ಣಪ್ಪ ಅತ್ತ ತಿರುಗಿಕೊಂಡು ಹೇಳಿದ. "ನಂಗೂ ಇಷ್ಟ ಇಲ್ಲ ಕಣಮ್ಮಿ. ರಾಗಿ ಒಲದಾಗೆ ಕಳೆ ಕೀಳಾಕೆ ಒಂದೆಣ್ಣೂ ಬರಾಕಿಲ್ಲ. ಬೆಳಗೆದ್ರೆ ಕಂಪ್ನಿ ಬಸ್ಸು ಬತ್ತದೆ, ಎಲ್ರೂ ಅತ್ಕೊಂಡು ಓಯ್ತಾರೆ. ನಮ್ ಮೀನಾನೂ ಓಯ್ತಾಳೆ. ನಾನೊಬ್ನೇ ಏನ್ ಮಾಡ್ಲಿ?"

"ಕುರಿ?"

"ಇಪ್ಪತ್ತು ದಿನ ಆ ಕಡೀಕೆ ಬಿಡಾಕಿಲ್ಲ. ಕೆರೆ ಕಡೀಕೆ ಒಡಕೊಂಡು ಓಗ್ತೀನಿ."

ಸೊಣ್ಣಮ್ಮ ಟ್ಯಾಂಕಿನಿಂದ ದೂರ ಸರಿದು ಕುಳಿತಳು. ಸತ್ತ ಒಂಬತ್ತು ಕುರಿಗಳನ್ನು ಒಂದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿದವನು ಇದೇ ಅಣ್ಣ. ಮೂರು ದಿನ ಅನ್ನ ಮುಟ್ಟಿರಲಿಲ್ಲ. ಅವನನ್ನು ಬಯ್ಯಲು ಬಾಯಿ ತೆರೆದರೆ ಅವನ ಊದಿದ ಕಾಲು ಕಣ್ಣಿಗೆ ಬೀಳುತ್ತಿತ್ತು. ಅಣ್ಣನ ಮಗಳು ಮೀನಾ ಕಂಪನಿಯಿಂದ ಬಂದು ತಮಿಳಿನಲ್ಲೇ ಅತ್ತೆಯನ್ನು ಮಾತಾಡಿಸಿ, ಕುಳಿತಲ್ಲೇ ನಿದ್ದೆಹೋದಳು. ಮಾರನೆಯ ದಿನ ಸೊಣ್ಣಮ್ಮ ಅಣ್ಣನ ಕಾಲಿಗೆ ಬಿಸಿ ಎಣ್ಣೆ ತಿಕ್ಕಿದಳು. ಇಬ್ಬರೂ ಬೇರೆ ಬೇರೆ ಮಾತೆಲ್ಲ ಆಡಿದರು.

ಸೋಮವಾರ ಬೆಟ್ಟಕ್ಕೆ ಹಿಂದಿರುಗಿ ಗೇಟು ತೆರೆಯುತ್ತಲೇ ಅವಳ ಮೂಗಿಗೆ ವಾಸನೆ ಬಡಿಯಿತು. ಹುಲ್ಲು ಹಸಿರಾಗಿಯೇ ಇತ್ತು. ಆದರೆ ಎಲೆಯ ಮೇಲೆ ಒಣಗಿದ ಹನಿಗಳ ಕಲೆ ಕಂಡಿತು. ಅವಳು ಬಗ್ಗಿ ನೋಡಿ, ಮುಟ್ಟದೆ ಎದ್ದು ನಿಂತಳು.

ರಘುಪತಿಯವರು ಜಗುಲಿಗೆ ಬಂದರು.

"ಜೇಕು ಮಾತ್ರ ಸಾಯುತ್ತೆ, ಹುಲ್ಲಿಗೆ ಏನೂ ಆಗಲ್ಲ ಅಂತ ಅಂಗಡಿಯವನು ಹೇಳಿದ. ನಿನಗೆ ಹೇಳಬೇಕಿತ್ತು. ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಹನ್ನೊಂದು ವರ್ಷದ ಹಿಂದೆ ಆಡಿದ ಮಾತು ಇಬ್ಬರಿಗೂ ನೆನಪಿತ್ತು. ಈಗ ಗಂಟು ಕಟ್ಟಿಕೊಂಡು ಹೊರಡಬೇಕು ಎಂದು ಸೊಣ್ಣಮ್ಮನಿಗೆ ಅನಿಸಿತು. ಎಲ್ಲಿಗೆ? ನೀಲಿ ಟ್ಯಾಂಕು ಒರಗಿಸಿಟ್ಟ ಆ ಜಗುಲಿಗೆ? ಕೂಗಾಡಬೇಕೆಂದುಕೊಂಡರೆ, ಅಣ್ಣನ ಮುಂದೆ ಏಳದ ದನಿ ಈ ಮುದುಕನ ಮುಂದೆ ಏಳುವುದಾದರೂ ಹೇಗೆ? ಅವಳು ಗಂಟನ್ನು ಕೋಣೆಯಲ್ಲಿಟ್ಟು, ಹಗ್ಗ ತಂದು, ಹುಲ್ಲುಹಾಸಿನ ಸುತ್ತ ಕಟ್ಟಿದಳು.

ಸಂಜೆ ಮಾರಕ್ಕ ಬುಟ್ಟಿ ಹಿಡಿದು ಬಂದಳು.

"ಉಲ್ಲು ಕೊಯ್ದಿಲ್ವಾ?"

"ಬ್ಯಾಡ ಮಾರಕ್ಕ. ಇನ್ಮೇಲೆ ಇಲ್ಲೀದು ಒಯ್ಬ್ಯಾಡ."

"ಯಾಕೆ, ಬ್ಯಾರೆ ಯಾರ್ಗಾದ್ರೂ ಮಾತು ಕೊಟ್ಟೀಯಾ?"

ಸೊಣ್ಣಮ್ಮ ಗೇಟಿನ ಬೋರ್ಡು ನೋಡಿದಳು. ವಿಷಯ ಹೊರಬಿದ್ದರೆ ಮನೆಯ ಹೆಸರು ಹೋಗುತ್ತದೆ ಎಂದು ಅಪರ್ಣಾ ಬೇಡಿಕೊಂಡಿದ್ದಳು. ಆದರೂ ತಡೆಯಲಾಗಲಿಲ್ಲ. "ಮದ್ದು ಒಡ್ದವ್ರೆ," ಎಂದಳು ಮೆಲ್ಲಗೆ. ಮಾರಕ್ಕ ಖಾಲಿ ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿ, "ನೀನಿದ್ದೂ?" ಎಂದು ಕೇಳಿ ಹೊರಟಳು. ಆ ಒಂದು ಮಾತು ಸೊಣ್ಣಮ್ಮನ ಎದೆಯೊಳಗೆ ಬಹಳ ದಿನ ಚುಚ್ಚುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಹುಲ್ಲು ಅಂಚಿನಿಂದ ಹಳದಿಯಾಗತೊಡಗಿತು. ಹತ್ತನೆಯ ದಿನಕ್ಕೆ ಇಡೀ ಅಂಗಳ ಒಣ ತೆಂಗಿನನಾರಿನ ಬಣ್ಣಕ್ಕೆ ತಿರುಗಿತು. ಅಂಗಡಿಯವನು ಕೊಟ್ಟಿದ್ದು ಎಲ್ಲವನ್ನೂ ಸುಡುವ ಮದ್ದು. ರಘುಪತಿ ಫೋನು ಮಾಡಿ ಕೇಳಿದರೆ, ಬಾಟಲಿಯ ಮೇಲೆ ಬರೆದಿತ್ತಲ್ಲ ಸಾರ್, ಓದಲಿಲ್ಲವೇ ಎಂದ. ಅವರು ಕನ್ನಡಕ ಹಾಕಿಕೊಂಡು ಬಾಟಲಿ ಓದಿದರು. ಬರೆದಿತ್ತು, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ.

ಪಾರ್ಟಿ ಬರಲು ಮೂರು ದಿನ ಇತ್ತು. ಬಣ್ಣ ಹಾಕಬಹುದೇ, ಹಸಿರು ಮ್ಯಾಟು ಬಾಡಿಗೆಗೆ ಸಿಕ್ಕೀತೇ ಎಂದು ಅಪರ್ಣಾ ಸೇಲಂಗೆಲ್ಲ ಫೋನು ಮಾಡುತ್ತಿರುವಾಗ ರಾಜಾನೇ ಫೋನು ಮಾಡಿದ.

"ಇವತ್ತಾದ್ರೂ ಮಂಜು ಇದೆಯಾ ಸಾರ್?"

ಶಾಂತಾ ಅವರು ಬಾಗಿಲಲ್ಲಿ ನಿಂತು ಗಂಡನ ಮುಖ ನೋಡುತ್ತಿದ್ದರು. ಅಪರ್ಣಾ ಹೂಂ ಅನ್ನಿ ಎಂದು ಕೈಸನ್ನೆ ಮಾಡಿದಳು.

"ಇಲ್ಲಪ್ಪ," ಎಂದರು ರಘುಪತಿ.

"ಹಾಗಾದ್ರೆ ಪಾರ್ಟಿಯೋರು ಕೊಡೈಕಾನಲ್‌ಗೆ ಹೋಗೋಣ ಅಂತವ್ರೆ. ತಪ್ಪು ತಿಳ್ಕೋಬೇಡಿ."

ಹುಲ್ಲಿನ ವಿಷಯ ಅವನು ಕೇಳಲೇ ಇಲ್ಲ. ರಘುಪತಿ ಫೋನು ಇಟ್ಟು, ಆ ಎರಡು ದಿನದ ಬುಕಿಂಗನ್ನು ತಾವೇ ಹೊಡೆದುಹಾಕಿದರು. ಯಾವ ಪಾರ್ಟಿಗಾಗಿ ಮಾತು ಮುರಿದಿದ್ದರೋ ಆ ಪಾರ್ಟಿ ಬರಲೇ ಇಲ್ಲ.

ಆ ಭಾನುವಾರ ಕಂಬೈನಲ್ಲೂರಿನ ಒಂದು ಸಣ್ಣ ಸಂಸಾರ ದಾರಿ ತಪ್ಪಿದ ಹಾಗೆ ಬಂದಿಳಿಯಿತು. ಅವರ ಐದು ವರ್ಷದ ಹೆಣ್ಣುಮಗು ಬೋರ್ಡಿನ ತಮಿಳನ್ನು ಕೂಡಿಸಿ ಕೂಡಿಸಿ ಓದಿ, ಚಪ್ಪಲಿ ಬಿಟ್ಟು, ಹಗ್ಗದ ಕೆಳಗೆ ನುಸುಳಿತು. ಹಳದಿಯಾದರೇನು, ಮಗುವಿಗೆ ಹುಲ್ಲು ಹುಲ್ಲೇ. ಸೊಣ್ಣಮ್ಮ ಕೈಯಲ್ಲಿದ್ದ ಕುರ್ಚಿಗೆಯನ್ನು ಬಿಸಾಡಿ ಓಡಿಹೋಗಿ ಅದನ್ನು ಎತ್ತಿಕೊಂಡಳು.

"ವೇಂಡಾಂ ಕಣ್ಣು, ವೇಂಡಾಂ."

ಯಾಕಮ್ಮಾ ಎಂದು ಮಗುವಿನ ತಾಯಿ ಕೇಳಿದಳು. ಸೊಣ್ಣಮ್ಮ ಜಗುಲಿಯ ಕಡೆ ನೋಡಿದಳು. ಜಗುಲಿಯಿಂದ ರಘುಪತಿ ಇಳಿದು ಬಂದರು. "ಮರುಂದು ಅಡಿಚ್ಚಿರುಕ್ಕಮ್ಮಾ. ನಾನೇ ಮದ್ದು ಹೊಡೆಸಿದ್ದು," ಎಂದರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಆಮೇಲೆ ಗೇಟಿಗೆ ಹೋಗಿ ಬೋರ್ಡಿನ ಮೊಳೆ ಎಳೆಯತೊಡಗಿದರು. ತುಕ್ಕು ಹಿಡಿದ ಮೊಳೆ ಬರಲಿಲ್ಲ. ಸೊಣ್ಣಮ್ಮ ಮಗುವನ್ನು ಇಳಿಸಿ ಬಂದು ಹಲಗೆ ಹಿಡಿದುಕೊಂಡಳು. ಅವರು ಎಳೆದರು, ಅವಳು ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಲಾರಿ ಬಂದು ಸಿಮೆಂಟಿನ ಟೈಲ್ಸ್ ಇಳಿಸಿತು. ಹುಲ್ಲಿದ್ದ ಜಾಗ ಕಾರು ನಿಲ್ಲಿಸಲು ಆಗುತ್ತದೆಂದು ಅಪರ್ಣಾ ಹೇಳಿದ್ದಳಂತೆ. ಮಂಜು ಬರಲಿ ಬಿಡಲಿ, ಕಾರು ನಿಲ್ಲಲು ಜಾಗ ಬೇಕಂತೆ. ರಘುಪತಿಯವರು ಅಂದು ಸೇಲಂನಲ್ಲಿ ಕೆಲಸವಿದೆ ಎಂದು ಮುಂಜಾನೆಯೇ ಇಳಿದುಹೋಗಿದ್ದರು. ಸೊಣ್ಣಮ್ಮನಿಗೆ ಹೇಳುವ ಮಾತು ಶಾಂತಾ ಅವರ ಪಾಲಿಗೆ ಬಂತು. ಅವರು ಎರಡು ಲೋಟ ಕಾಫಿ ತಂದು ಮೆಟ್ಟಿಲ ಮೇಲೆ ಸೊಣ್ಣಮ್ಮನ ಪಕ್ಕ ಕುಳಿತರು.

"ನಿನ್ನನ್ನ ಬಿಡಿಸೋ ಮಾತೇ ಇಲ್ಲಮ್ಮ. ಒಳಗಿನ ಕೆಲಸ ನೋಡ್ಕೋ. ಬಟ್ಟೆ, ಹಾಸಿಗೆ."

"ಆಯ್ತಮ್ಮ."

"ಬೇಜಾರಾ?"

ಸೊಣ್ಣಮ್ಮ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಬೇಜಾರು ಅನ್ನುವುದಕ್ಕಿಂತ ದೊಡ್ಡದೇನೋ ಇತ್ತು. ಅದಕ್ಕೆ ಅವಳ ಹತ್ತಿರ ಹೆಸರಿರಲಿಲ್ಲ. "ಯಾರ್ನ ಅಂತ ಬಯ್ಯಾನಮ್ಮ?" ಎಂದಳು ಕೊನೆಗೆ. ಶಾಂತಾ ಅವರು ಅವಳ ಮಂಡಿಯ ಮೇಲೆ ಕೈ ಇಟ್ಟರು.

ಕೆಲಸಗಾರರು ಮಣ್ಣು ಕೆದಕಿ ಮಟ್ಟ ಮಾಡಲು ಶುರುಮಾಡಿದರು. ಸೊಣ್ಣಮ್ಮ ಎದ್ದು ಲೋಟ ತೊಳೆದಿಟ್ಟಳು. ಹಿತ್ತಲಿನ ಕಲ್ಲಿನ ಹತ್ತಿರ ಆರು ಕೋಣೆಯ ದುಪ್ಪಟಿಗಳನ್ನು ರಾಶಿ ಹಾಕಿದ್ದರು. ಬಂದು ಮಲಗಿದವರಿಲ್ಲದೆ ಅವು ಕೊಳೆಯಾಗಿರಲಿಲ್ಲ, ಧೂಳು ಮಾತ್ರ ಕುಳಿತಿತ್ತು. ಅವಳು ಸೆರಗು ಸಿಕ್ಕಿಸಿ, ನಲ್ಲಿ ತಿರುಗಿಸಿ, ಮೊದಲನೆಯದನ್ನು ನೀರಿಗೆ ಅದ್ದಿದಳು.