ಎಳೆದರೆ ನಿಲ್ಲುತ್ತೇನೆ

ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಟೈಲರಕ್ಕ ಬಿದ್ದಾಗ ತಪ್ಪು ಚಂಡಿಯದೇ ಆಗಿತ್ತು. ಒಂದೂವರೆ ವರ್ಷದ ಕಂದು ಹೆಣ್ಣುನಾಯಿ ಅದು. ಬೆಕ್ಕು ಕಣ್ಣಿಗೆ ಬಿದ್ದದ್ದೇ ತಡ, ಹಗ್ಗದ ಸಮೇತ ಅಕ್ಕನನ್ನೂ ಎಳೆದುಕೊಂಡು ಹೊರಟಿತು. ಅಕ್ಕನ ಎಡಗೈ ಮಣಿಕಟ್ಟು ಬಿರುಕು ಬಿಟ್ಟು ಐದು ವಾರದ ಪ್ಲಾಸ್ಟರ್ ಬಿತ್ತು.

ಅಕ್ಕ, ತಮ್ಮ, ತಮ್ಮನ ಹೆಂಡತಿ ಮೂವರೂ ಒಂದೇ ಮನೆಯಲ್ಲಿದ್ದರು. ಲಾರಿ ಮೆಕ್ಯಾನಿಕ್ ತಮ್ಮ ಮರುದಿನ ಸಂಜೆ ಒಳಗೆ ಮುಳ್ಳಿರುವ ಕಬ್ಬಿಣದ ಸರಪಳಿ ತಂದು ಮೇಜಿನ ಮೇಲೆ ಕುಕ್ಕಿದ.

“ಇದನ್ನ ಕತ್ತಿಗೆ ಹಾಕು. ಎಳೆದ್ರೆ ಚುಚ್ಚುತ್ತೆ, ಎರಡೇ ದಿನಕ್ಕೆ ಬಾಲ ಮುದುರುತ್ತೆ. ಆಗಲ್ಲ ಅಂದ್ರೆ ಗೋಡೌನ್ ಕಾಯೋಕೆ ನಾಯಿ ಬೇಕು ಅಂತ ಒಬ್ಬ ಕೇಳ್ತಿದಾನೆ, ಕೊಟ್ಟುಬಿಡೋಣ.”

ಅಕ್ಕ ಸರಪಳಿಯನ್ನು ಅವನ ಕೈಗೇ ಸಿಕ್ಕಿಸಿ ಒಮ್ಮೆ ಜಗ್ಗಿದಳು.

“ಅಯ್ಯೋ! ಹುಚ್ಚು ಹಿಡೀತಾ ನಿಂಗೆ?”

“ಎರಡು ದಿನ ಹಾಕ್ಕೊಂಡಿರು. ನಿನ್ನ ಜೋರೂ ಇಳಿಯುತ್ತಾ ನೋಡೋಣ.” ತಮ್ಮನ ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅಕ್ಕ ಮುಂದುವರಿಸಿದಳು: “ಮುರಿದಿದ್ದು ನನ್ನ ಕೈ ಕಣೋ. ಏನು ಮಾಡಬೇಕು ಅನ್ನೋದೂ ನಂದೇ.”

ಪಶು ಆಸ್ಪತ್ರೆಯ ಸಹಾಯಕಿ ಅಕ್ಕನಿಗೆ ಒಂದು ಮಾತು ಹೇಳಿದ್ದಳು: “ಅದು ಎಳೆದಾಗೆಲ್ಲ ನೀವು ಅದರ ಹಿಂದೆಯೇ ಹೋಗಿದ್ದೀರಿ, ಅದಕ್ಕೇ ಎಳೆಯೋದು ಕಲಿತಿದೆ. ಇನ್ನು ಎಳೆದ್ರೆ ನಿಂತುಬಿಡಿ. ಹಗ್ಗ ಸಡಿಲವಾದ್ರೆ ಮಾತ್ರ ಹೆಜ್ಜೆ ಇಡಿ. ಪಕ್ಕಕ್ಕೆ ಬಂದ್ರೆ ತಿನ್ನೋಕೆ ಕೊಡಿ.”

ಅಕ್ಕ ಚಂಡಿಯ ಎದೆ, ಹೆಗಲು ಅಳೆದು, ಹಳೆಯ ಬ್ಯಾಗಿನ ಪಟ್ಟಿ ಕತ್ತರಿಸಿ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು, ಒಂದೇ ಕೈಯಲ್ಲಿ ಎದೆಪಟ್ಟಿ ಹೊಲಿದಳು. ಹಗ್ಗ ಸಿಕ್ಕಿಸುವ ಬಳೆ ಎದೆಯ ಮುಂಭಾಗದಲ್ಲಿತ್ತು. ನಾಯಿ ಮುನ್ನುಗ್ಗಿದರೆ ಮೈ ತಾನಾಗಿ ಅವಳ ಕಡೆ ತಿರುಗಬೇಕು.

ಮೊದಲ ದಿನ ಗೇಟಿನಿಂದ ದೀಪದ ಕಂಬ ತಲುಪಲು ಮುಕ್ಕಾಲು ಗಂಟೆ ಹಿಡಿಯಿತು. ಚಂಡಿ ಎಳೆಯುವುದು, ಅಕ್ಕ ನಿಲ್ಲುವುದು. ಹಗ್ಗ ಸಡಿಲವಾದರೆ ಮೊಣಕಾಲ ಪಕ್ಕದಲ್ಲಿ ಬೇಯಿಸಿದ ಮೊಟ್ಟೆಯ ಚೂರು, ಮತ್ತೆರಡು ಹೆಜ್ಜೆ. ಕೆಳಗಿನ ಮನೆಯ ನಿವೃತ್ತ ವ್ಯಾಯಾಮದ ಮೇಷ್ಟ್ರು ನಿಂತು ನೋಡಿದರು.

“ಏನಮ್ಮಾ, ಬೀದಿಗೆ ಕಾವಲಾ? ದಂಡಂ ದಶಗುಣಂ. ಒಂದು ಬಿಟ್ರೆ ಸರಿಹೋಗುತ್ತೆ.”

“ನಿಮ್ಮ ಶಿಷ್ಯರು ಈಗ ನಿಮ್ಮನ್ನ ಕಂಡ್ರೆ ಮಾತಾಡಿಸ್ತಾರಾ ಮೇಷ್ಟ್ರೇ, ಇಲ್ಲ ಗಲ್ಲಿ ಬದಲಿಸ್ತಾರಾ?”

ಮೇಷ್ಟ್ರು ಒಳಗೆ ಹೋದರು.

ಎರಡನೇ ವಾರ ಅಕ್ಕನ ತಾಳ್ಮೆಯೂ ಕೆಟ್ಟಿತು. ಕೈ ನೋಯುತ್ತಿತ್ತು, ಬಾಲ್ಕನಿಯಲ್ಲಿ ತಮ್ಮ ಅಣಕಿಸಿ ನಗುತ್ತಿದ್ದ. ಹಲ್ಲು ಕಚ್ಚಿ ಹಗ್ಗ ಜಗ್ಗಿದಳು. ಚಂಡಿ ಕಿವಿ ಮಡಚಿ ನೆಲಕ್ಕೆ ಅಂಟಿಕೊಂಡಿತು. ಅಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಫುಟ್‌ಪಾತಿನ ಮೇಲೆ ಅಲ್ಲೇ ಕುಳಿತಳು. ಬಹಳ ಹೊತ್ತಿನ ಮೇಲೆ ನಾಯಿ ತಾನಾಗಿ ಬಂದು ಒರಗಿದಾಗ ಎದ್ದು, ಗೇಟಿನಿಂದಲೇ ಮತ್ತೆ ಶುರು ಮಾಡಿದಳು.

ಪ್ಲಾಸ್ಟರ್ ಬಿಚ್ಚಿದ ಬೆಳಿಗ್ಗೆ ಗೇಟಿನ ಮುಂದೆ ಗೋಡೌನಿನ ವ್ಯಾನು ನಿಂತಿತ್ತು. ಕರೆಸಿದವನು ತಮ್ಮ.

“ಮಾತು ಕೊಟ್ಟಾಗಿದೆ ಅಕ್ಕಾ. ಮರ್ಯಾದೆ ಕಳೀಬೇಡ.”

“ಯಾರ ನಾಯಿನ ಕೊಡ್ತೀನಿ ಅಂತ ಯಾರು ಮಾತು ಕೊಟ್ಟಿದ್ದು? ದಾರಿ ಬಿಡು.”

ಅವನು ಅಡ್ಡ ನಿಂತ. ಅಕ್ಕ ಚಂಡಿಯ ಹಗ್ಗ ಹಿಡಿದು ಅವನ ಪಕ್ಕದಿಂದ ಬೀದಿಗಿಳಿದಳು. ಮೀನಿನ ಗಾಡಿ ಹಾದುಹೋಯಿತು. ಚಂಡಿ ಮುನ್ನುಗ್ಗಿತು, ಹಗ್ಗ ಬಿಗಿಯಾಯಿತು. ಅಕ್ಕ ನಿಂತಳು. ಬೀದಿಯೆಲ್ಲ ನೋಡುತ್ತಿತ್ತು. ಚಂಡಿ ಹಿಂತಿರುಗಿ ಅವಳ ಮುಖ ನೋಡಿತು, ಪಕ್ಕಕ್ಕೆ ಬಂತು. ಹಗ್ಗ ಜೋತುಬಿತ್ತು.

ವ್ಯಾನಿನವನು ತಲೆ ಕೆರೆದುಕೊಂಡ. “ಸಾರ್, ಇದು ಅವರ ನಾಯಿ. ನಂಗೆ ಬೇಡ ಬಿಡಿ.”

ತಮ್ಮ ನಾಲ್ಕು ದಿನ ಮಾತು ಬಿಟ್ಟ. ಅಕ್ಕ ಗೋಗರೆಯಲು ಹೋಗಲಿಲ್ಲ. ಐದನೆಯ ಬೆಳಿಗ್ಗೆ ತಮ್ಮನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನಿ ಅಕ್ಕಾ. ಅವರು ಏನಾದ್ರೂ ಅನ್ಕೊಳ್ಳಲಿ.” ಅಂದು ಚಂಡಿಯೂ ಸೇರಿ ಮೂವರೂ ದೀಪದ ಕಂಬ ದಾಟಿ ಸೇತುವೆಯವರೆಗೆ ನಡೆದರು.