ವಾಕಡದ ಮನೆ ಮತ್ತು ಗುಲಾಮರ ದಿನ

ನನಗೆ ಬೇಕಿದ್ದದ್ದು ಪುಣೆಯ ವಾಕಡದಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ. ಸಿಕ್ಕಿದ್ದು ಗುಲಾಮರ ವ್ಯಾಪಾರದ ಮೇಲೆ ಭಾಷಣ ಮಾಡುವ ಅವಕಾಶ. ನನ್ನ ಹಣೆಬರಹ.

ನಾನು ಮಾಯಾ ಸಿದ್ದಿ, ಯಲ್ಲಾಪುರದ ಕಡೆಯವಳು, ವಾಕಡದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್. ಪೋರ್ಚುಗೀಸರು ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಗೋವಾದಲ್ಲಿ ಮಾರಿದರು. ಅದಾಗಿ ಎಷ್ಟು ತಲೆಮಾರು ಕಳೆದರೂ ಪುಣೆಯ ರಿಕ್ಷಾದವರು ನನ್ನನ್ನು ಕಂಡೊಡನೆ ಇಂಗ್ಲಿಷ್ ಶುರು ಮಾಡುತ್ತಾರೆ. ಮರಾಠಿಯಲ್ಲಿ ಬೈದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಖಡಕಿಯಲ್ಲಿ ನಾವಿದ್ದ ಮನೆಯನ್ನು ಮಾಲೀಕ ಮಾರಿಬಿಟ್ಟ. ತಿಂಗಳ ಕೊನೆಗೆ ನಾನೂ ಮಗಳು ಸೋನಾಲಿಯೂ ಬೀದಿಗೆ. ವಾಕಡದಲ್ಲಿ ಒಂದು ಮನೆ ಹಿಡಿಸಿತ್ತು, ಮನೆಯವರೂ ಒಪ್ಪಿದ್ದರು. ಆದರೆ ನನ್ನ ಫೋಟೋ ನೋಡಿದ ಆ ಕಟ್ಟಡದ ನಿವಾಸಿಗಳ ಸೊಸೈಟಿ ಕಮಿಟಿ ಫಾರಿನರ್ ಬೇಡ ಎಂದಿತು. ಆಧಾರ್ ಕಾರ್ಡ್ ಕಳಿಸಿದೆ. ಆಗ ಉಳಿದ ಸದಸ್ಯರು ಅಂಜುತ್ತಾರೆ ಎಂದು ಉತ್ತರ ಬಂತು. ನಾನೇನು ಹುಲಿಯೇ?

ಆ ಕಮಿಟಿಯ ಕಾರ್ಯದರ್ಶಿ ಧಾರವಾಡದ ಏಕನಾಥರಾಯರು. ವಾಕಡದ ಕನ್ನಡ ಸಂಘದ ಅಧ್ಯಕ್ಷರೂ ಅವರೇ. ಮನೆ ಕೇಳಿದವಳು ನಾನೇ ಎಂದು ಚೆನ್ನಾಗಿ ಗೊತ್ತಿದ್ದೂ ಫೋನ್ ಮಾಡಿದರು.

"ಮಾಯಾಬಾಯರ, ಮಾರ್ಚ್ ಇಪ್ಪತ್ತೈದಕ್ಕ ಗುಲಾಮರ ವ್ಯಾಪಾರದಾಗ ಸತ್ತವರನ್ನ ನೆನೀಬೇಕಂತ ವಿಶ್ವಸಂಸ್ಥೆನೇ ಹೇಳ್ಯದ. ನೀವು ಬಂದು ನಾಕು ಮಾತು ಆಡ್ಬೇಕ್ರಿ. ಕಡೀಕ ನಿಮ್ಮ ಮಂದಿ ಕುಣಿತ ಇದ್ರ ಭಾಳ ಛೊಲೋ."

"ನನಗ ಕುಣ್ಯಾಕ ಬರಂಗಿಲ್ರಿ. ನನ್ನ ಮನಿ ವಿಷಯ ಏನಾತು?"

"ಅದು ಕಮಿಟಿ ಮ್ಯಾಟರ್ರಿ. ಮೊದಲ ಕಾರ್ಯಕ್ರಮ ಮುಗೀಲಿ."

ಮುಗಿದ ಮೇಲಾದರೂ ಮನಸ್ಸು ಕರಗೀತು ಎಂದು ರಜೆ ಹಾಕಿ ಹೋದೆ. ಕಾರ್ಯಕ್ರಮ ಆ ಸೊಸೈಟಿಯ ಹಾಲಿನಲ್ಲೇ ಇತ್ತು.

ರಾಯರು ಒಂದು ತಾಸು ಮಾತಾಡಿದರು. ಯುರೋಪಿನವರು ಬರೀ ತಪ್ಪಾಯಿತು ಅಂದರೆ ಸಾಲದು, ಪರಿಹಾರ ಕೊಡಬೇಕು, ಕಿತ್ತುಕೊಂಡದ್ದನ್ನು ತುಂಬಿಕೊಡಬೇಕು ಎಂದು ಮೇಜು ಕುಟ್ಟಿದರು. ಆಮೇಲೆ ಸತ್ಕಾರ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಮ್ಮ ನಾಡಿನ ಹೆಮ್ಮೆಯ ಮಗಳು ಎಂದರು. ಮೈಕು ನನ್ನ ಕೈಗೆ ಬಂತು.

"ಪೋರ್ಚುಗಲ್ ಭಾಳ ದೂರ ಅದ್ರಿ," ಎಂದೆ. "ಅವರು ಯಾವಾಗ ಕೊಡ್ತಾರೋ, ಏನು ಕೊಡ್ತಾರೋ ನನಗ ಗೊತ್ತಿಲ್ಲ. ನಿಮ್ಮ ಸೊಸೈಟಿ ಇಲ್ಲೇ ಅದ. ನಾನೇನು ಪುಕ್ಕಟ ಕೇಳಂಗಿಲ್ಲ, ಬಾಡಿಗಿ ಕೊಟ್ಟು ಇರ್ತೀನಿ. ಕಮಿಟಿಯವರು ಮುಂದಿನ ಸಾಲಿನಾಗ ಕುಂತೀರಿ. ಹೂಂ ಅಂತೀರೇನ್ರಿ?"

ಮುಂದಿನ ಸಾಲಿನವರು ಮೊಬೈಲ್ ತೆಗೆದು ನೋಡತೊಡಗಿದರು. ರಾಯರು ಎದ್ದು ಇನ್ನೊಂದು ಮೈಕು ಹಿಡಿದರು.

"ಎಂಥಾ ಮನಸ್ಸು ಮುಟ್ಟೋ ಮಾತು ನೋಡ್ರಿ. ಜೋರಾಗಿ ಚಪ್ಪಾಳಿ ಬರ್ಲಿ."

ಬಂತು. ಕಮಿಟಿಯವರೂ ತಟ್ಟಿದರು, ಕೆಲವರು ಎದ್ದು ನಿಂತು ತಟ್ಟಿದರು. ಹೂಂ ಅಂತೀರೋ ಇಲ್ಲೋ ಎಂದು ಇನ್ನೊಮ್ಮೆ ಕೇಳಿದೆ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ಬಾಗಿಲವರೆಗೆ ಕಳಿಸಲು ರಾಯರೇ ಬಂದರು. ಮುಖದ ತುಂಬ ನಗು.

"ಭಾಳ ಛಂದ ಮಾತಾಡಿದ್ರಿ. ಮುಂದಿನ ವರ್ಷನೂ ಬರ್ಬೇಕು. ಪುಣೇದಾಗ ಇರ್ತೀರಲ್ಲ?"

"ಎಲ್ಲಿರ್ಲಿ ಹೇಳ್ರಿ," ಎಂದೆ.