ಹೆಗಲ ಮೇಲಿನ ಕೈ

ಆ ಮನೆಯ ನಡುಕೋಣೆಯ ಗೋಡೆಯ ತುಂಬ ಗುಂಪುಫೋಟೋಗಳು, ವರ್ಷಕ್ಕೊಂದರಂತೆ ನಲವತ್ತೊಂದು. ಮನೆಯ ಯಜಮಾನನದು ಫೋಟೋ ಸ್ಟುಡಿಯೋ. ಅಪ್ಪನಿಂದ ಬಂದ ಕಸುಬು. ವರ್ಷದ ಮೊದಲ ಭಾನುವಾರ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತು ಹಲ್ಲು ಬಿಡಬೇಕು. ಒಳ್ಳೆಯ ಪದ್ಧತಿಯೇ. ಆದರೆ ಅದಕ್ಕೊಂದು ಕೆಟ್ಟ ಬಾಲವಿತ್ತು. ಮನೆತನದ ಮಾನ ಕಳೆದರೆಂದು ಹಿರಿಯರಿಗೆ ಅನ್ನಿಸಿದವರನ್ನು ಎಲ್ಲ ಫೋಟೋಗಳಿಂದಲೂ ಕತ್ತರಿಸಿ, ಆ ತೂತಿಗೆ ಕಪ್ಪು ಕಾಗದ ಅಂಟಿಸುತ್ತಿದ್ದರು. ಹುಟ್ಟಲೇ ಇಲ್ಲವೇನೋ ಎಂಬಂತೆ! ಮನಸ್ಸಿಗೆ ಬಂದವನ ಕೈಹಿಡಿದು ಹೋದ ಯಜಮಾನನ ಚಿಕ್ಕಕ್ಕನಿಗೂ ಹೀಗೇ ಆಗಿತ್ತು. ಅಂದು ಕತ್ತರಿ ಆಡಿಸಿದ ಅವರಪ್ಪನಿಗೆ ಅವಸರ. ಒಂದು ಫೋಟೋದಲ್ಲಿ ಹಿರಿಯಕ್ಕನ ಹೆಗಲ ಮೇಲೆ ಅವಳಿಟ್ಟಿದ್ದ ಕೈ ಮಾತ್ರ ಉಳಿದುಬಿಟ್ಟಿತ್ತು. ಮನೆಗೆ ಬಂದ ಮಕ್ಕಳೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಈ ಕೈ ಯಾರ್ದು?"

ಈಗ ಗುಬ್ಬಿಯ ಸರದಿ. ಗುಬ್ಬಿ ಯಜಮಾನನ ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ ಎಲ್ಲರೂ ಅವಳನ್ನು ಗಂಡುಹುಡುಗನೆಂದೇ ತಿಳಿದಿದ್ದರು. ಒಂದು ದಿನ ಊಟದ ನಡುವೆ "ಅಪ್ಪಾ, ನಾನು ಹುಡುಗಿ" ಎಂದಳು. ಅಪ್ಪನ ಗಂಟಲಲ್ಲಿ ತುತ್ತು ನಿಂತಿತು. ಅಮ್ಮ ಸೌಟು ಕೈಗೆತ್ತಿಕೊಂಡು, "ಇನ್ನೊಂಚೂರು ಬಡಿಸ್ಲಾ?" ಎಂದಳು. ಅಪ್ಪನಿಗೆ ಆ ತುತ್ತು ಇಳಿಯಲು ವರ್ಷ ಹಿಡಿಯಿತು. ಇಳಿದ ಮೇಲೆ ಮತ್ತೆ ಅಡ್ಡ ಬರಲಿಲ್ಲ. ಮೂರು ವರ್ಷ ಬೇರೆ ಊರಿನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಮಾಡಿ, ಗುಬ್ಬಿ ಈ ಸಲದ ಫೋಟೋಗೆಂದೇ ಬಂದಿದ್ದಳು.

ಬೆಳಿಗ್ಗೆಯೇ ಹಿರಿಯಕ್ಕ ಕತ್ತರಿ ತಂದು ತಮ್ಮನ ಮುಂದಿಟ್ಟಳು. ಬೀದಿಯವರು ಅವಳನ್ನು ಜಡ್ಜಮ್ಮ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

"ಶುರು ಮಾಡೋ. ಈ ಸಲ ಕೈನೂ ನೋಡಿ ಕತ್ತರಿಸು, ಅಪ್ಪನ ಹಾಗೆ ಅರ್ಧಂಬರ್ಧ ಬೇಡ."

"ಯಾಕಕ್ಕ?"

"ಯಾಕಂತೆ! ಆ ಹುಡುಗ ಇಲ್ಲ ಅಂದ್ಮೇಲೆ ಅವನ ಫೋಟೋ ಯಾಕೆ?"

ಗುಬ್ಬಿ ತಲೆ ಒರೆಸಿಕೊಳ್ಳುತ್ತ ಬಂದು ಒಂದು ಫೋಟೋದ ಮೇಲೆ ಬೆರಳಿಟ್ಟಳು. ಆರು ವರ್ಷದ ಮಗು, ಚಡ್ಡಿ, ಮುಂದಿನ ಎರಡು ಹಲ್ಲಿಲ್ಲ, ಕಣ್ಣು ಮುಚ್ಚಿದೆ.

"ಇದು ನಾನೇ ದೊಡ್ಡತ್ತೆ. ಕಣ್ಣು ಯಾಕೆ ಮುಚ್ಚಿದೀನಿ ಗೊತ್ತಾ? ಮುಚ್ಚಿದ್ರೆ ನನಗೆ ಜಡೆ ಇರೋದು ಕಾಣ್ತಿತ್ತು. ಆ ಮಗು ಎಲ್ಲೂ ಹೋಗಿಲ್ಲ, ನಡ್ಕೊಂಡು ನಡ್ಕೊಂಡು ಇಲ್ಲಿವರೆಗೆ ಬಂದಿದೆ. ಅದನ್ನೇ ಕತ್ತರಿಸಿದ್ರೆ ನಾನು ಎಲ್ಲಿಂದ ಬಂದೆ ಅಂತ ಹೇಳ್ಲಿ?"

"ಮಾತಿಗೇನು ಬರವಿಲ್ಲ ನಿನಗೆ," ಎಂದಳು ಜಡ್ಜಮ್ಮ.

ಅಪ್ಪ ಎದ್ದು ಎಲ್ಲಕ್ಕಿಂತ ಹಳೆಯ ಫೋಟೋ ಇಳಿಸಿದ. "ಅಕ್ಕ, ಇದ್ರಲ್ಲಿ ನೀನ್ಯಾರು?"

"ಕಣ್ಣು ಕಾಣಲ್ವೇನೋ? ಎರಡು ಜಡೆಯವಳು."

"ಇವಳಿಗೆ ಮಂಡಿನೋವಿಲ್ಲ, ಬಿಳಿ ಕೂದಲಿಲ್ಲ, ಇಷ್ಟು ಜೋರು ಬಾಯಿನೂ ಇದ್ದ ಹಾಗಿಲ್ಲ. ನೀನೇ ಅಂತ ಹೆಂಗೆ ನಂಬ್ಲಿ?"

"ಥೂ! ನಾನು ಯಾರು ಅಂತ ನನಗೆ ಗೊತ್ತಿಲ್ವೇನೋ?"

"ಅಷ್ಟೇ ಅಕ್ಕ. ಗುಬ್ಬಿಗೂ ಗೊತ್ತು."

ಕತ್ತರಿ ಮೇಜಿನ ಖಾನೆಗೆ ಬಿತ್ತು. "ಈ ಮನೇಲಿ ಇನ್ಮೇಲೆ ಯಾರನ್ನೂ ಕತ್ತರಿಸಲ್ಲ. ಇದಕ್ಕೆ ಒಪ್ಪದೋರು ಫೋಟೋಗೆ ನಿಲ್ಲೋದು ಬೇಡ."

ಅಕ್ಕನಿಗೆ ಅವನು ಎದುರಾಡಿದ್ದು ಜನ್ಮದಲ್ಲೇ ಮೊದಲು. ನೇರ ಸ್ಟುಡಿಯೋಗೆ ಹೋಗಿ ಕ್ಯಾಮೆರಾ ನಿಲ್ಲಿಸಿದ. ಗುಬ್ಬಿ ತನ್ನ ಹಳೆಯ ಜಾಗದಲ್ಲಿ ನಿಂತಳು. ಅವಳ ಮುಂದಿನ ಕುರ್ಚಿ ಖಾಲಿ. ಅಪ್ಪ ಹತ್ತು ಸೆಕೆಂಡಿನ ಗುಂಡಿ ಒತ್ತಿ ಓಡಿಬಂದು ಹೆಂಡತಿಯ ಪಕ್ಕ ನಿಂತ. ಎಂಟು, ಏಳು, ಆರು...

"ನಾನಿಲ್ದೆ ಹೆಂಗೋ ತೆಗೀತೀಯ?" ಜಡ್ಜಮ್ಮ ಏದುಸಿರು ಬಿಡುತ್ತ ಬಂದು ಕುರ್ಚಿಯಲ್ಲಿ ದೊಪ್ಪೆಂದು ಕೂತಳು. "ಗುಬ್ಬೀ, ಈ ಸಲ ಕಣ್ಣು ಮುಚ್ಕೋಬೇಡ ಕಣೇ."

ಗುಬ್ಬಿ ನಗುತ್ತ ಅವಳ ಹೆಗಲ ಮೇಲೆ ಕೈಯಿಟ್ಟಳು. ಕ್ಲಿಕ್ ಎಂದಿತು. ಜಡ್ಜಮ್ಮ ಏಳಲಿಲ್ಲ. ಹೆಗಲ ಮೇಲಿನ ಕೈಯನ್ನೊಮ್ಮೆ ಮುಟ್ಟಿ ನೋಡಿದಳು.

"ಚಿಕ್ಕವಳಿಗೊಂದು ಫೋನ್ ಮಾಡೋ," ಎಂದಳು. "ಬಂದು ನನ್ನ ಪಕ್ಕ ನಿಲ್ಲಲಿ. ಆಮೇಲೆ ಇನ್ನೊಂದು ತೆಗಿ."